ಬಾರ್ಡೋಲಿಯ ಎಚ್ಚರಿಕೆ

ಎಚ್ಚರಿಕೆಯೂ ವಿವೇಕವೂ ಒಡಹುಟ್ಟಿದವೆಂಬ ನಂಬುಗೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ತಾಳಿದವನು ಬಾಳಿಯಾನೆಂದು ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಇನ್ನೊಂದು ಗಾದೆಯ ಒತ್ತನ್ನೂ ಅದಕ್ಕೆ ಕೊಡುತ್ತಾರೆ. ಆ ಹಿರಿಯರೇ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಮಾತೆತ್ತಿ ನಗುವುದೂ ಉಂಟು. ಮೊದಲಿನ ಎರಡು ಗಾದೆಗಳನ್ನು ನಂಬಿ ಕುಳಿತವನೇ ಮೂರನೆಯ ಗಾದೆಗೆ ಗುರಿಯಾಗುವುದನ್ನು ನಾವು ದಿನದಿನವೂ ಕಾಣುತ್ತೇವೆ. ಕಾಗದವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಳ್ಳಿ ಸುಮ್ಮನಾಗುವ ಅಧಿಕಾರಿಯು ತನ್ನ ನಡತೆಗೆ ಎಚ್ಚರಿಕೆಯೆಂದೇ ಹೆಸರಿಡುತ್ತಾನೆ; ಯಾವ ಪಕ್ಷ ಗೆಲ್ಲುವುದೆಂದು ಗೊತ್ತಾಗುವ ತನಕ ಬಾಯಿ ಬಿಡದ ಮುಂದಾಳೂ ಅದೇ ಹೆಸರನ್ನು ಹೇಳುತ್ತಾನೆ. ಹಾಗಾದರೆ ಎಚ್ಚರಿಕೆಯು ಎಲ್ಲಿ ವಿವೇಕವಾಗುತ್ತದೆ, ಎಲ್ಲಿ ಬರಿಯ ಅಂಜಿಕೆಯಾಗಿ ಉಳಿಯುತ್ತದೆ?

ಈ ಪ್ರಶ್ನೆಯನ್ನು ತರ್ಕದಿಂದ ಬಿಡಿಸಹೊರಟರೆ ಮಾತು ಬೆಳೆದೀತೇ ಹೊರತು ಬೆಳಕು ಬೀಳಲಾರದು. ಆದಕಾರಣ ನಮ್ಮ ರಾಷ್ಟ್ರದ ಚರಿತ್ರೆಯಲ್ಲಿ ಅತ್ಯಂತ ವಾದಗ್ರಸ್ತವಾದ ಒಂದು ಎಚ್ಚರಿಕೆಯನ್ನೇ ಮುಂದಿಟ್ಟುಕೊಂಡು ನೋಡುವುದು ಲೇಸೆಂದು ನಮಗೆ ತೋರಿದೆ. 1922ನೆಯ ಇಸವಿಯ ಫೆಬ್ರವರಿ 12ರಂದು, ಗುಜರಾತಿನ ಬಾರ್ಡೋಲಿಯಲ್ಲಿ, ಮಹಾತ್ಮಾಜಿಯವರು ಹರಿಯುತ್ತಿದ್ದ ಒಂದು ಮಹಾಪ್ರವಾಹವನ್ನು ತಮ್ಮ ಕೈಯಿಂದಲೇ ತಡೆದು ನಿಲ್ಲಿಸಿದರು. ಅದು ವಿವೇಕವೋ, ಧೈರ್ಯಗೇಡಿತನವೋ, ದೇಶಕ್ಕೆ ಮಾಡಿದ ಅಪಕಾರವೋ ಎಂಬ ವಾದ ನೂರು ವರ್ಷಗಳು ಕಳೆದರೂ ಅಡಗಿಲ್ಲ. ಫೆಬ್ರವರಿ ತಿಂಗಳು ಬಂತೆಂದರೆ ಯಾರಾದರೊಬ್ಬರು ಆ ಹಳೆಯ ಲೆಕ್ಕವನ್ನು ತೆಗೆದು ಕೂರುತ್ತಾರೆ. ನಾವೂ ಇಂದು ಕೂರುತ್ತಿದ್ದೇವೆ.

ಅಂದಿನ ಸ್ಥಿತಿಯನ್ನು ವಾಚಕರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. 1920ನೆಯ ಆಗಸ್ಟ್ 1ರಂದು, ಲೋಕಮಾನ್ಯರು ಮುಂಬಯಿಯಲ್ಲಿ ಕಣ್ಣುಮುಚ್ಚಿದ ದಿನವೇ, ಅಸಹಕಾರವು ಆರಂಭವಾಯಿತು. ಒಂದು ವರ್ಷದೊಳಗೆ ಸ್ವರಾಜ್ಯವೆಂಬ ಮಾತು ಹಳ್ಳಿಹಳ್ಳಿಗೂ ಹೋಯಿತು. ವಕೀಲರು ಕೋರ್ಟು ಬಿಟ್ಟರು, ಹುಡುಗರು ಶಾಲೆ ಬಿಟ್ಟರು, ಬೀದಿಬೀದಿಯಲ್ಲಿ ಪರದೇಶೀ ಬಟ್ಟೆಯ ಹೋಳಿಯಾಯಿತು. 1921ರ ಡಿಸೆಂಬರಿನಲ್ಲಿ ಅಹಮದಾಬಾದಿನ ಕಾಂಗ್ರೆಸ್ಸು ಸೇರುವ ಹೊತ್ತಿಗೆ ಅಧ್ಯಕ್ಷರಾಗಿ ಆರಿಸಲ್ಪಟ್ಟಿದ್ದ ದೇಶಬಂಧು ದಾಸರು ಸೆರೆಮನೆಯಲ್ಲಿದ್ದರು. ಅವರ ಪೀಠದಲ್ಲಿ ಹಕೀಮ್ ಅಜ್ಮಲ್ ಖಾನರು ಕುಳಿತರು. ಮೋತಿಲಾಲ ನೆಹರೂ, ಅವರ ಮಗ ಜವಾಹರಲಾಲ, ಲಾಲಾ ಲಜಪತರಾಯರು—ಎಲ್ಲರೂ ಸೆರೆಯಲ್ಲಿ. ಕೆಲವು ತಿಂಗಳುಗಳಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ತಾವಾಗಿಯೇ ಸೆರೆಮನೆಯ ಬಾಗಿಲಿಗೆ ಹೋಗಿ ನಿಂತಿದ್ದರು. ಕಾಂಗ್ರೆಸ್ಸು ತನ್ನ ಅಧಿಕಾರವನ್ನೆಲ್ಲ ಮಹಾತ್ಮಾಜಿಯವರೊಬ್ಬರ ಕೈಗೆ ಒಪ್ಪಿಸಿತು.

ಇನ್ನು ಉಳಿದಿದ್ದ ಹೆಜ್ಜೆಯೆಂದರೆ ಕರನಿರಾಕರಣೆ. ಅದಕ್ಕಾಗಿ ಸೂರತ್ ಜಿಲ್ಲೆಯ ಬಾರ್ಡೋಲಿ ತಾಲೂಕನ್ನು ಆರಿಸಲಾಯಿತು. ಅದು ಸುಮಾರು 87,000 ಜನರಿದ್ದ ಸಣ್ಣ ತಾಲೂಕು. ಸಣ್ಣದನ್ನೇ ಆರಿಸಿದ್ದರಲ್ಲಿಯೂ ಒಂದು ಎಚ್ಚರಿಕೆ ಅಡಗಿತ್ತೆಂಬುದನ್ನು ಟೀಕಾಕಾರರು ಸಾಮಾನ್ಯವಾಗಿ ಮರೆಯುತ್ತಾರೆ. ದೇಶಕ್ಕೆ ದೇಶವೇ ಕರ ಕೊಡುವುದನ್ನು ಒಮ್ಮೆಲೇ ನಿಲ್ಲಿಸಲೆಂದು ಮಹಾತ್ಮಾಜಿಯವರು ಕರೆ ಕೊಡಲಿಲ್ಲ. ಒಂದು ತಾಲೂಕು ನಿಲ್ಲಿಸಲಿ, ಉಳಿದ ದೇಶ ಶಾಂತವಾಗಿದ್ದು ನೋಡಲಿ ಎಂದರು. ಜನವರಿ 29ರಂದು ವಿಠ್ಠಲಭಾಯಿ ಪಟೇಲರ ಅಧ್ಯಕ್ಷತೆಯಲ್ಲಿ ತಾಲೂಕಿನ ಪರಿಷತ್ತು ಸೇರಿ ಠರಾವು ಮಾಡಿತು. ಫೆಬ್ರವರಿ 1ರಂದು ವೈಸರಾಯ್ ಲಾರ್ಡ್ ರೀಡಿಂಗರಿಗೆ ಪತ್ರ ಹೋಯಿತು: ಅಹಿಂಸೆಯಿಂದ ನಡೆದುಕೊಂಡ ಕೈದಿಗಳನ್ನು ಬಿಡಿರಿ, ಪತ್ರಿಕೆಗಳ ಮೇಲಣ ಕಟ್ಟನ್ನು ತೆಗೆಯಿರಿ, ಏಳು ದಿನಗಳಲ್ಲಿ ಹಾಗೆ ಆಗದಿದ್ದರೆ ಬಾರ್ಡೋಲಿ ಮುಂದುವರಿಯುವುದು ಎಂಬುದು ಅದರ ಸಾರ.

ಆ ಏಳು ದಿನಗಳ ಎಣಿಕೆ ನಡೆದಿರುವಾಗಲೇ, ಬಾರ್ಡೋಲಿಯಿಂದ ಬಹುದೂರದಲ್ಲಿ, ಸಂಯುಕ್ತ ಪ್ರಾಂತದ ಗೋರಖಪುರ ಜಿಲ್ಲೆಯ ಚೌರಿಚೌರಾ ಎಂಬಲ್ಲಿ, ಫೆಬ್ರವರಿ 4ರಂದು ಅನರ್ಥವಾಯಿತು. ಪೇಟೆಯಲ್ಲಿ ಹೆಂಡದ ಮಾರಾಟವನ್ನೂ ದುಬಾರಿ ಬೆಲೆಗಳನ್ನೂ ತಡೆಯಹೋಗಿದ್ದ ಸ್ವಯಂಸೇವಕರನ್ನು ಕೆಲವು ದಿನಗಳ ಹಿಂದೆ ಠಾಣೆಯ ಅಧಿಕಾರಿ ಹೊಡೆದಿದ್ದನು. ಅದನ್ನು ಕೇಳಲೆಂದು ಸುತ್ತಣ ಹಳ್ಳಿಗಳ ರೈತರು ಮೆರವಣಿಗೆಯಾಗಿ ಬಂದರು. ಮಾತಿಗೆ ಮಾತು ಬೆಳೆಯಿತು, ಕಲ್ಲು ಬಿದ್ದವು, ಪೋಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಮದ್ದುಗುಂಡು ತೀರಿದಾಗ ಪೋಲೀಸರು ಠಾಣೆಯೊಳಗೆ ಓಡಿ ಬಾಗಿಲು ಹಾಕಿಕೊಂಡರು. ರೊಚ್ಚಿಗೆದ್ದ ಜನ ಠಾಣೆಗೆ ಬೆಂಕಿಯಿಟ್ಟಿತು. ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಪೋಲೀಸರೂ ಚೌಕೀದಾರರೂ ಸುಟ್ಟೋ ಪೆಟ್ಟು ತಿಂದೋ ಸತ್ತರು. ಅವರೂ ಈ ದೇಶದ ಬಡವರ ಮಕ್ಕಳೇ. ಮಹಾತ್ಮಾ ಗಾಂಧಿಯವರಿಗೆ ಜಯವಾಗಲೆಂಬ ಘೋಷ ಆ ಬೆಂಕಿಯ ಸುತ್ತಲೂ ಕೇಳಿತ್ತು.

ಸುದ್ದಿ ಬಾರ್ಡೋಲಿಗೆ ಮುಟ್ಟಿತು. ಫೆಬ್ರವರಿ 11 ಮತ್ತು 12ರಂದು ಕಾಂಗ್ರೆಸ್ಸಿನ ಕಾರ್ಯಕಾರೀ ಮಂಡಳಿಯು ಅಲ್ಲಿಯೇ ಸೇರಿ, ಬಾರ್ಡೋಲಿಯ ಕರನಿರಾಕರಣೆಯನ್ನು ಮಾತ್ರವಲ್ಲದೆ ದೇಶದಲ್ಲೆಲ್ಲ ಸಾಮೂಹಿಕ ಕಾನೂನುಭಂಗವನ್ನೇ ನಿಲ್ಲಿಸಿತು. ರೈತರು ಕಂದಾಯವನ್ನು ಕೊಟ್ಟುಬಿಡಬೇಕು. ಕಾಂಗ್ರೆಸ್ಸಿಗೆ ಒಂದು ಕೋಟಿ ಸದಸ್ಯರನ್ನು ಸೇರಿಸಬೇಕು. ರಾಟೆ, ರಾಷ್ಟ್ರೀಯ ಶಾಲೆ, ಪಂಚಾಯಿತಿ, ಪಾನನಿರೋಧ, ಅಸ್ಪೃಶ್ಯತೆಯ ನಿವಾರಣೆ—ಇವುಗಳಲ್ಲಿ ತೊಡಗಬೇಕು ಎಂದು ಠರಾಯಿಸಿತು. ಮಹಾತ್ಮಾಜಿಯವರು ತಮಗೆ ತಾವೇ ಐದು ದಿನಗಳ ಉಪವಾಸದ ಪ್ರಾಯಶ್ಚಿತ್ತವನ್ನು ವಿಧಿಸಿಕೊಂಡರು.

ದೇಶ ಬೆಚ್ಚಿಬಿದ್ದಿತು. ಸೆರೆಯಲ್ಲಿದ್ದ ಮುಂದಾಳುಗಳ ಸಿಟ್ಟಿಗೆ ಮೇರೆಯಿರಲಿಲ್ಲ. ಎಲ್ಲಿಯೋ ಒಂದು ಹಳ್ಳಿಯ ಜನ ತಪ್ಪಿದರೆಂದು ಬಾರ್ಡೋಲಿಗೇಕೆ ಶಿಕ್ಷೆ, ಮೂವತ್ತು ಸಾವಿರ ಕೈದಿಗಳ ತ್ಯಾಗಕ್ಕೆ ಏನು ಬೆಲೆ ಎಂದು ಅವರು ಕೇಳಿದರು. ಸುಭಾಷಚಂದ್ರ ಬೋಸರು ಮುಂದೆ ತಮ್ಮ ಗ್ರಂಥದಲ್ಲಿ ಈ ನಿರ್ಣಯವನ್ನು ರಾಷ್ಟ್ರಕ್ಕೆ ಒದಗಿದ ವಿಪತ್ತೆಂದೇ ಎಣಿಸಿದರು. ಅದೇ ತಿಂಗಳು ದಿಲ್ಲಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಕಮಿಟಿಯಲ್ಲಿ ಡಾಕ್ಟರ್ ಮುಂಜೆಯವರು ಮಹಾತ್ಮಾಜಿಯವರ ಮೇಲೆ ಖಂಡನೆಯ ಠರಾವನ್ನೇ ತಂದರು. ಅದು ಬಿದ್ದುಹೋಯಿತಾದರೂ ಆ ಸಭೆಯ ಬಿಸಿ ಅನೇಕ ದಿನ ಆರಲಿಲ್ಲ. ಚಳವಳಿಯು ಗೆಲುವಿನ ಅಂಚಿಗೆ ಬಂದಿತ್ತೆಂದು ಅಂದಿನ ಮುಂಬಯಿಯ ಗವರ್ನರೇ ಮುಂದೆ ಒಪ್ಪಿಕೊಂಡನೆಂಬ ಮಾತೂ ಬಹುಕಾಲದಿಂದ ಚಲಾವಣೆಯಲ್ಲಿದೆ. ಸರಕಾರವು ಮಾಡಿದ್ದನ್ನು ನೋಡಿದರೆ ಆ ಮಾತಿಗೆ ಬಲ ಬರುತ್ತದೆ. ಪ್ರವಾಹ ಏರಿದ್ದಾಗ ಮಹಾತ್ಮಾಜಿಯವರನ್ನು ಮುಟ್ಟಲು ಅಂಜುತ್ತಿದ್ದ ಸರಕಾರ, ಅದು ಇಳಿದ ಮೇಲೆ, ಮಾರ್ಚ್ 10ರಂದು ಅವರನ್ನು ಹಿಡಿಯಿತು. 18ರಂದು ಅಹಮದಾಬಾದಿನಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷಗಳ ಸಜೆಯನ್ನು ವಿಧಿಸಿದನು. ಈ ನ್ಯಾಯಾಧೀಶನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನು ಮತ್ತೊಮ್ಮೆ ಬರುತ್ತಾನೆ.

ಈಗ ನಮ್ಮ ಅಭಿಪ್ರಾಯ. ಚೌರಿಚೌರಾದ ಒಂದು ಘಟನೆಯಿಂದ ಗಾಬರಿಗೊಂಡು ಮಹಾತ್ಮಾಜಿಯವರು ಹಿಂಜರಿದರೆಂಬುದನ್ನು ನಾವು ಒಪ್ಪಲಾರೆವು. ಅದು ಮೊದಲನೆಯ ಘಟನೆಯಾಗಿರಲಿಲ್ಲ. 1919ರ ಏಪ್ರಿಲಿನಲ್ಲಿ ರೌಲಟ್ ಕಾಯಿದೆಯ ವಿರುದ್ಧ ಸತ್ಯಾಗ್ರಹ ನಡೆದಾಗ ಅಹಮದಾಬಾದು, ವೀರಮಗಾಮ, ಅಮೃತಸರಗಳಲ್ಲಿ ಜನ ಕೈಮೀರಿತು. ಸಿದ್ಧತೆಯಿಲ್ಲದ ಜನರ ಕೈಗೆ ಕಾನೂನುಭಂಗದ ಆಯುಧವನ್ನು ಕೊಟ್ಟದ್ದು ಹಿಮಾಲಯದಂಥ ತಪ್ಪೆಂದು ಅವರು ಆಗಲೇ ಒಪ್ಪಿಕೊಂಡು ಸತ್ಯಾಗ್ರಹವನ್ನು ನಿಲ್ಲಿಸಿದ್ದರು. 1921ರ ನವೆಂಬರ್ 17ರಂದು ಇಂಗ್ಲೆಂಡಿನ ಯುವರಾಜನು ಮುಂಬಯಿಯಲ್ಲಿ ಇಳಿದಾಗ ಊರಿಗೆ ಊರೇ ಹತ್ತಿ ಉರಿದು ಐವತ್ತಕ್ಕಿಂತ ಹೆಚ್ಚು ಜನ ಸತ್ತರು. ಅಂದು ಸ್ವಾಗತಕ್ಕೆ ಹೋದರೆಂಬ ಕಾರಣಕ್ಕೆ ಪಾರಸಿಗಳನ್ನೂ ಕ್ರೈಸ್ತರನ್ನೂ ಬೀದಿಯಲ್ಲಿ ಹೊಡೆದರು. ಅದೇ ತಿಂಗಳ 23ರಂದು ತೊಡಗಬೇಕಾಗಿದ್ದ ಬಾರ್ಡೋಲಿಯ ಸತ್ಯಾಗ್ರಹ ಅದರಿಂದಾಗಿಯೇ ಒಮ್ಮೆ ಮುಂದೆಹೋಗಿತ್ತು. 1922ರ ಜನವರಿ 13ರಂದು ಮದರಾಸಿನಲ್ಲಿಯೂ ಗಲಭೆಯಾಯಿತು. ಮದರಾಸು ಹೇಳಿದ ಎಚ್ಚರಿಕೆಯ ಮಾತಿಗೆ ತಾವು ಕಿವಿಗೊಡಲಿಲ್ಲವೆಂದು ಮಹಾತ್ಮಾಜಿಯವರೇ ಆಮೇಲೆ ತಮ್ಮ ಪತ್ರಿಕೆಯಲ್ಲಿ ಬರೆದುಕೊಂಡರು.

ಇದನ್ನು ಸರಿಯಾಗಿ ನೋಡಿದರೆ, ಮಹಾತ್ಮಾಜಿಯವರು ಎಚ್ಚರಿಕೆಯ ಮನುಷ್ಯರೇ ಅಲ್ಲವೆಂದು ತೋರುತ್ತದೆ. ಎಚ್ಚರಿಕೆಯೊಂದೇ ಅವರ ಗುಣವಾಗಿದ್ದರೆ ಮುಂಬಯಿಯ ತರುವಾಯವೇ ಕೈಬಿಡುತ್ತಿದ್ದರು. ಒಂದು ವರ್ಷದಲ್ಲಿ ಸ್ವರಾಜ್ಯವೆಂಬ ಮಾತನ್ನು ಆಡುತ್ತಲೇ ಇರಲಿಲ್ಲ. 1921ರ ಡಿಸೆಂಬರಿನಲ್ಲಿ ಪಂಡಿತ ಮಾಳವೀಯರ ಮಧ್ಯಸ್ಥಿಕೆಯಿಂದ ವೈಸರಾಯರೊಡನೆ ದುಂಡುಮೇಜಿನ ಮಾತುಕತೆಯ ಅವಕಾಶ ಬಂದಿತ್ತು. ದಾಸರು ಸೆರೆಯೊಳಗಿಂದಲೇ ಅದಕ್ಕೆ ಒಪ್ಪಿಗೆ ಸೂಚಿಸಿದ್ದರು. ಮಹಾತ್ಮಾಜಿಯವರು ಅಲೀ ಸಹೋದರರ ಬಿಡುಗಡೆ ಮೊದಲಾದ ಷರತ್ತುಗಳನ್ನು ಬಿಡದೆ ಹಿಡಿದದ್ದರಿಂದ ಆ ಅವಕಾಶ ಕೈತಪ್ಪಿತು. ಎಚ್ಚರಿಕೆಯವನು ಆ ಮೇಜಿಗೆ ಹೋಗಿ ಕುಳಿತಿರುತ್ತಿದ್ದನು. ಇವರು ಹೋಗಲಿಲ್ಲ. ಅದು ತಪ್ಪಾಗಿರಲೂಬಹುದು; ನಾವು ಆ ವಿಷಯದಲ್ಲಿ ದಾಸರ ಕಡೆಗೇ ಹೆಚ್ಚು ವಾಲುತ್ತೇವೆ. ಆದರೆ ಅಂಜುಬುರುಕನ ತಪ್ಪಲ್ಲ ಅದು.

ಹಾಗಾದರೆ ಫೆಬ್ರವರಿಯಲ್ಲಿ ಅವರು ಕಂಡದ್ದೇನು? ತಮ್ಮ ಹೆಸರಿನ ಜಯಘೋಷವೂ ತಮ್ಮ ಮಾರ್ಗವೂ ಬೇರೆಬೇರೆಯಾಗಿ ಹೋಗುತ್ತಿರುವುದನ್ನು ಕಂಡರು. ನುರಿತ ಕಾರ್ಯಕರ್ತರೆಲ್ಲ ಸೆರೆಯಲ್ಲಿದ್ದರು. ಹೊರಗೆ ಉಳಿದವರನ್ನು ಹಿಡಿದು ನಡೆಯಿಸುವ ಕೈಯೇ ಇರಲಿಲ್ಲ. ಜವಾಹರಲಾಲರು ಲಖನೌ ಸೆರೆಮನೆಯಲ್ಲಿ ಈ ಸುದ್ದಿ ಕೇಳಿ ಕೆರಳಿದವರೇ. ಆದರೆ ಮುಂದೆ ಆತ್ಮಕಥೆಯನ್ನು ಬರೆಯುವಾಗ, ಹೊರನೋಟಕ್ಕೆ ಬಲವಾಗಿ ಕಂಡ ಚಳವಳಿಯು ಒಳಗೆ ಬಿರುಕು ಬಿಡುತ್ತಿತ್ತೆಂದೂ ಶಿಸ್ತು ಅಳಿಯುತ್ತಿತ್ತೆಂದೂ ಅವರು ಒಪ್ಪಿಕೊಂಡರು. ಬಾರ್ಡೋಲಿಯಲ್ಲಿ ಕರನಿರಾಕರಣೆ ತೊಡಗಿದ್ದರೆ ಸರಕಾರವು ಮೊದಲು ಹೊಡೆಯುತ್ತಿದ್ದುದು ಬಾರ್ಡೋಲಿಯನ್ನಲ್ಲ, ಎರಡನೆಯ ಮೂರನೆಯ ಚೌರಿಚೌರಾಗಳನ್ನು. ಆ ಹಳ್ಳಿಗಳ ಬಡವರನ್ನು ಕಾಯಲು ಕಾಂಗ್ರೆಸ್ಸಿನ ಬಳಿ ಅಂದು ಏನಿತ್ತು? ಮೂರು ವರ್ಷ ಹಿಂದೆ ಜಲಿಯನ್‌ವಾಲಾ ಬಾಗಿನಲ್ಲಿ ಏನಾಗಿತ್ತೆಂಬುದು ಆಗ ಯಾರಿಗೂ ಹಳೆಯ ಕಥೆಯಾಗಿರಲಿಲ್ಲ.

ತನಗೆ ಏನು ನಷ್ಟವಾದೀತೆಂದು ಎಣಿಸುವುದು ಎಚ್ಚರಿಕೆ. ತನ್ನ ಮಾತನ್ನು ನಂಬಿ ಬಂದವರಿಗೆ ಏನು ನಷ್ಟವಾದೀತೆಂದು ಎಣಿಸಿ, ಆ ಲೆಕ್ಕದಲ್ಲಿ ತನ್ನ ಹೆಸರು ಕೆಟ್ಟರೂ ಸೈರಿಸುವುದು ಬೇರೊಂದು ಗುಣ. ಮಹಾತ್ಮಾಜಿಯವರು ಅಂದು ಕಳೆದುಕೊಂಡದ್ದು ಅಲ್ಪವಲ್ಲ. ವೈಸರಾಯರಿಗೆ ಬರೆದ ಪತ್ರದ ಶಾಯಿ ಆರುವ ಮೊದಲೇ ಮಾತು ಹಿಂದೆಗೆದುಕೊಂಡವರೆಂದು ನಗೆಪಾಟಲಾಗುವುದು ಅವರಿಗೆ ಗೊತ್ತಿತ್ತು. ಸಂಗಡಿಗರು ಮುನಿಯುವರೆಂದೂ ಸರಕಾರ ಹಿಡಿಯುವುದೆಂದೂ ಗೊತ್ತಿತ್ತು. ಇದೆಲ್ಲ ನಡೆದೇ ನಡೆಯಿತು. ತನ್ನ ಎಚ್ಚರಿಕೆಯ ಬೆಲೆಯನ್ನು ತಾನೇ ತೆತ್ತವನನ್ನು ಹೇಡಿಯೆನ್ನುವುದು ನಮ್ಮಿಂದಾಗದು.

ಇಷ್ಟಕ್ಕೇ ನಿಲ್ಲಿಸಿದರೆ ನಾವು ವಕಾಲತ್ತು ವಹಿಸಿದಂತಾಗುವುದೇ ವಿನಾ ವಿಚಾರ ಮಾಡಿದಂತಾಗುವುದಿಲ್ಲ. ನಿಲ್ಲಿಸುವುದು ಒಂದು ದಿನದ ಕೆಲಸ. ನಿಲ್ಲಿಸಿ ಉಳಿಸಿಕೊಂಡ ಕಾಲವನ್ನು ಯಾವುದಕ್ಕೆ ಬಳಸಿದರು ಎಂಬುದರ ಮೇಲೆ ಆ ದಿನದ ಬೆಲೆ ನಿಲ್ಲುತ್ತದೆ. ಒಕ್ಕಲಿಗನು ಮೊದಲ ಮಳೆಗೆ ಬೀಜ ಚೆಲ್ಲದೆ ಹದಕ್ಕಾಗಿ ಕಾಯುತ್ತಾನೆ. ಕಾಯುವಾಗ ಕಟ್ಟೆಯ ಮೇಲೆ ಮಲಗಿರುವುದಿಲ್ಲ. ಕೂರಿಗೆ ಸರಿಮಾಡುತ್ತಾನೆ, ಬದು ಕಟ್ಟುತ್ತಾನೆ, ಎತ್ತುಗಳಿಗೆ ಮೇವು ಹಾಕುತ್ತಾನೆ. ಹದ ಬಂದ ದಿನ ಊಟಕ್ಕೂ ನಿಲ್ಲುವುದಿಲ್ಲ. ಮಳೆಯೆಲ್ಲ ಬಂದು ಹೋಗಲೆಂದು ಕಾದವನಿಗೆ ಹೊಲದಲ್ಲಿ ಕಳೆ ಮಾತ್ರ ಸಿಕ್ಕೀತು.

1922ರ ತರುವಾಯ ದೇಶದಲ್ಲಿ ಕಳೆ ಬೆಳೆಯಲಿಲ್ಲವೆಂದಲ್ಲ. ಕಾಂಗ್ರೆಸ್ಸು ಎರಡು ಬಣಗಳಾಯಿತು. ಶಾಸನಸಭೆಗೆ ಹೋಗಬೇಕೆನ್ನುವ ದಾಸರೂ ಮೋತಿಲಾಲರೂ ಒಂದು ಕಡೆ, ಬೇಡವೆನ್ನುವವರು ಇನ್ನೊಂದು ಕಡೆ. ಹಿಂದೂ ಮುಸಲ್ಮಾನರ ಕಲಹಗಳು ಊರೂರಿಗೆ ಹಬ್ಬಿದವು. 1924ರ ಸೆಪ್ಟೆಂಬರಿನಲ್ಲಿ ಕೋಹಾಟದ ಗಲಭೆಯ ತರುವಾಯ ಮಹಾತ್ಮಾಜಿಯವರು 21 ದಿನಗಳ ಉಪವಾಸ ಹಿಡಿಯಬೇಕಾಯಿತು. ಹರಿಯುವ ನೀರನ್ನು ತಡೆದರೆ ಅದು ಕೊಳೆಯದಿರುತ್ತದೆಯೇ ಎಂದು ಟೀಕಾಕಾರರು ಕೇಳುವುದು ನ್ಯಾಯವೇ. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ದುಡಿಮೆಯಿಂದ ವಿಜಯನಗರವೆಂಬ ಹೆಸರಿನ ಬಿಡಾರ ಎದ್ದು, ಮಹಾತ್ಮಾಜಿಯವರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಏರಿದರು. ಕನ್ನಡಿಗರಾದ ನಾವು ಅದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಆ ಅಧಿವೇಶನ ಮಾಡಿದ ಮುಖ್ಯ ಕಾರ್ಯವೆಂದರೆ ಪರದೇಶೀ ಬಟ್ಟೆಯ ಬಹಿಷ್ಕಾರವೊಂದನ್ನುಳಿದು ಅಸಹಕಾರವನ್ನು ರಾಷ್ಟ್ರದ ಕಾರ್ಯಕ್ರಮವಾಗಿ ನಿಲ್ಲಿಸಿದ್ದು. ಬಾರ್ಡೋಲಿಯಲ್ಲಿ ಆರಂಭವಾದ ಹಿಂಜರಿಕೆಗೆ ಮುದ್ರೆ ಬಿದ್ದದ್ದು ಬೆಳಗಾವಿಯಲ್ಲಿ. ಇದನ್ನು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ. ಬಣಗಳು ಒಡೆದು ಹೋಗದಂತೆ ಉಳಿದದ್ದೂ ಅಲ್ಲಿಯೇ.

ಇಷ್ಟರಲ್ಲಿ ಬಾರ್ಡೋಲಿಯಲ್ಲಿ ಸದ್ದಿಲ್ಲದೆ ಕೆಲಸ ನಡೆದಿತ್ತು. ಕುಂವರಜಿ ಮೆಹತಾ, ಕಲ್ಯಾಣಜಿ ಮೆಹತಾ ಮೊದಲಾದವರು ತಾಲೂಕಿನ ಹಲವು ಕಡೆ ಆಶ್ರಮಗಳನ್ನು ಕಟ್ಟಿ ಕುಳಿತರು. ರಾಟೆ ಹಂಚಿದರು, ಹೆಂಡ ಬಿಡಿಸಿದರು, ಶಾಲೆ ನಡೆಯಿಸಿದರು. ‘ಕಾಳೀಪರಜ’ ಎಂದು, ಎಂದರೆ ಕರಿಯ ಜನವೆಂದು, ಹೀನಾಯವಾಗಿ ಕರೆಯಲ್ಪಡುತ್ತಿದ್ದ ಬುಡಕಟ್ಟಿನವರಿಗೆ ರಾಣೀಪರಜ, ವನವಾಸಿಗಳು, ಎಂಬ ಮರ್ಯಾದೆಯ ಹೆಸರು ಬಂದದ್ದೂ ಆ ವರ್ಷಗಳಲ್ಲಿ. ಪತ್ರಿಕೆಗಳಲ್ಲಿ ಬರುವಂಥ ಸುದ್ದಿ ಇದರಲ್ಲಿ ಒಂದೂ ಇಲ್ಲ. ಆರು ವರ್ಷ ಹೀಗೆ ಕಳೆಯಿತು.

1927ರಲ್ಲಿ ಮುಂಬಯಿ ಸರಕಾರವು ಬಾರ್ಡೋಲಿಯ ಕಂದಾಯವನ್ನು ಶೇಕಡಾ 22ರಷ್ಟು ಏರಿಸಿತು. ರೈತರ ಪರವಾಗಿ ಕಾರ್ಯಕರ್ತರು ಅಹಮದಾಬಾದಿಗೆ ಹೋಗಿ ವಲ್ಲಭಭಾಯಿ ಪಟೇಲರನ್ನು ಕರೆದರು. ವಲ್ಲಭಭಾಯಿಗಳು ಕುಣಿದು ಬರಲಿಲ್ಲ. ಹಳ್ಳಿಗಳಿಗೆ ಹಿಂತಿರುಗಿ ಹೋಗಿ ಜನರ ಮನಸ್ಸನ್ನು ತಿಳಿದುಬನ್ನಿರೆಂದು ಬಂದವರನ್ನು ಕಳುಹಿದರು. 1928ರ ಫೆಬ್ರವರಿ 4ರಂದು ತಾವೇ ಬಾರ್ಡೋಲಿಗೆ ಬಂದು ಹಳ್ಳಿಗಳ ಪ್ರತಿನಿಧಿಗಳನ್ನು ಕೂಡಿಸಿ ಪ್ರಶ್ನಿಸಿದರು: ಜಮೀನು ಹೋದೀತು, ದನ ಹೋದೀತು, ನಿಮ್ಮ ಹೆಂಡಿರು ಮಕ್ಕಳು ಒಪ್ಪಿದ್ದಾರೆಯೇ? ಉತ್ತರ ಕೇಳಿದ ಮೇಲೂ ವಾರವೊಂದರ ಅವಧಿ ಕೊಟ್ಟು, ಮತ್ತೆ ಯೋಚಿಸಿರೆಂದು ಹೇಳಿ, ಗವರ್ನರರಿಗೆ ವಿನಯದ ಪತ್ರವನ್ನು ಬರೆದರು. ಫೆಬ್ರವರಿ 12ರಂದು ರೈತರ ಸಭೆ ಸೇರಿ ಕರ ಕೊಡೆವೆಂದು ಪ್ರತಿಜ್ಞೆ ಮಾಡಿತು. ಆರು ವರ್ಷ ಹಿಂದೆ ಸತ್ಯಾಗ್ರಹ ನಿಂತ ತಾರೀಖು, ನಿಂತ ಊರು.

ಇಲ್ಲಿಯ ಎಚ್ಚರಿಕೆಯ ಬಗೆಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ವಲ್ಲಭಭಾಯಿಗಳು ಬೇಡಿಕೆಯನ್ನು ಬಹಳ ಕಿರಿದಾಗಿ ಇಟ್ಟರು. ಸ್ವರಾಜ್ಯದ ಮಾತನ್ನು ಅದಕ್ಕೆ ತಗಲುಹಾಕಲಿಲ್ಲ. ಏರಿಕೆ ನ್ಯಾಯವೋ ಅನ್ಯಾಯವೋ ಎಂದು ನಿಷ್ಪಕ್ಷಪಾತವಾಗಿ ವಿಚಾರಣೆಯಾಗಲಿ ಎಂದಿಷ್ಟೇ ಕೇಳಿದರು. ದೇಶದ ಬೇರೆ ಕಡೆಗಳಿಗೂ ಕಿಚ್ಚನ್ನು ಹಬ್ಬಿಸೋಣವೆಂದವರಿಗೆ ಬೇಡವೆಂದರು. ಕೊಟ್ಟ ಕಿರಿದಾದ ಮಾತಿನ ಒಳಗೆ ಮಾತ್ರ ಒಂದಂಗುಲವೂ ಹಿಂಜರಿಯಲಿಲ್ಲ. ಸರಕಾರವು ಜಪ್ತಿಗೆ ಪಠಾಣರನ್ನು ತರಿಸಿತು. ರೈತರು ಎಮ್ಮೆಗಳನ್ನು ಮನೆಯೊಳಗೆ ಸೇರಿಸಿಕೊಂಡು, ಅವುಗಳೊಡನೆ ತಾವೂ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಕತ್ತಲಲ್ಲಿ ಬಾಳಿದರು. ಜಮೀನುಗಳು ಹರಾಜಾದವು, ಪಟೇಲರೂ ತಲಾಠಿಗಳೂ ರಾಜೀನಾಮೆ ಕೊಟ್ಟರು. ಇಷ್ಟೆಲ್ಲ ಕಿರುಕುಳದ ನಡುವೆ ಒಂದು ಠಾಣೆಗೂ ಬೆಂಕಿ ಬೀಳಲಿಲ್ಲ. ವಲ್ಲಭಭಾಯಿಗಳಿಗೆ ಜನರು ‘ಸರದಾರ’ ಎಂಬ ಹೆಸರನ್ನು ಕೊಟ್ಟದ್ದು ಅಲ್ಲಿಯೇ.

ಆಗಸ್ಟಿನಲ್ಲಿ ಸರಕಾರ ಮಣಿಯಿತು. ಜಮೀನುಗಳು ಮರಳಿದವು, ಪಟೇಲ ತಲಾಠಿಗಳು ಕೆಲಸಕ್ಕೆ ಬಂದರು, ವಿಚಾರಣೆಯ ಸಮಿತಿ ನೇಮಕವಾಯಿತು. ಅದರಲ್ಲಿ ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಯೊಡನೆ ಕುಳಿತವನು ಅದೇ ಬ್ರೂಮ್‌ಫೀಲ್ಡ್; 1922ರಲ್ಲಿ ಮಹಾತ್ಮಾಜಿಯವರಿಗೆ ಆರು ವರ್ಷಗಳ ಸಜೆ ಕೊಟ್ಟವನು. ಹಳ್ಳಿಗಳನ್ನು ಸುತ್ತಿ ಲೆಕ್ಕ ನೋಡಿದ ಸಮಿತಿಯು ಶೇಕಡಾ 22ರ ಏರಿಕೆಯನ್ನು ಶೇಕಡಾ 6ರ ಆಸುಪಾಸಿಗೆ ಇಳಿಸಿತು. 1922ರಲ್ಲಿ ಬಾರ್ಡೋಲಿ ಹೆಜ್ಜೆಯಿಟ್ಟಿದ್ದರೆ ಇದಕ್ಕಿಂತ ಹೆಚ್ಚಿನದೇ ಆಗುತ್ತಿತ್ತೆಂದು ವಾದಿಸುವವರು ವಾದಿಸಲಿ. ಆದದ್ದು ಇದು.

ಇದರ ಬೀಜ ನಮ್ಮ ನಾಡಿನಲ್ಲಿಯೂ ಬಿದ್ದಿತು. ಉತ್ತರ ಕನ್ನಡದ ಅಂಕೋಲಾ ಸಿದ್ದಾಪುರಗಳಲ್ಲಿಯೂ ಧಾರವಾಡ ಜಿಲ್ಲೆಯ ಹಿರೇಕೆರೂರಿನಲ್ಲಿಯೂ 1930ರ ತರುವಾಯದ ವರ್ಷಗಳಲ್ಲಿ ರೈತರು ಕರ ನಿಲ್ಲಿಸಿ ಹೊಲ ಮನೆಗಳನ್ನು ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂದು ಹೆಸರು ಬಂದಿತು. ಆದರೆ ಗುಜರಾತಿನ ರೈತರಿಗೆ ಆರು ತಿಂಗಳಲ್ಲಿ ಮರಳಿದ ಜಮೀನು ನಮ್ಮವರಿಗೆ ಅಷ್ಟು ಬೇಗ ಮರಳಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬರುವ ತನಕ ಅವರು ಕಾಯಬೇಕಾಯಿತು. ಅಷ್ಟು ವರ್ಷ ಪರರ ಗದ್ದೆಯಲ್ಲಿ ಕೂಲಿ ಮಾಡುತ್ತ ತಮ್ಮ ಗದ್ದೆಯ ಬದುವನ್ನು ದಿನವೂ ನೋಡಿದವರನ್ನು, ಎಚ್ಚರಿಕೆಯ ಲೆಕ್ಕದಿಂದ ಅಳೆದರೆ, ಮೂಢರೆಂದೇ ಹೇಳಬೇಕಾದೀತು.

ಮಹಾತ್ಮಾಜಿಯವರ ವಿಷಯದಲ್ಲಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಟೀಕಾಕಾರರೂ ಭಕ್ತರೂ ಅದನ್ನು ಸಮನಾಗಿ ಮರೆಯುತ್ತಾರೆ. 1922ರಲ್ಲಿ ಒಂದು ಹಳ್ಳಿಯ ಹಿಂಸೆಗಾಗಿ ದೇಶದ ಚಳವಳಿಯನ್ನು ನಿಲ್ಲಿಸಿದವರು ಅದನ್ನೇ ನಿಯಮವಾಗಿ ಹಿಡಿದು ಕೂರಲಿಲ್ಲ. 1930ರಲ್ಲಿ ದಂಡಿಗೆ ಹೊರಡುವ ಮೊದಲೇ, ಈ ಸಲ ಎಲ್ಲಿಯೋ ಹಿಂಸೆಯಾಯಿತೆಂದು ಸತ್ಯಾಗ್ರಹ ನಿಲ್ಲದೆಂದು ಅವರು ಸಾರಿದರು. ಏಪ್ರಿಲ್ 18ರಂದು ಚಿತ್ತಗಾಂವಿನಲ್ಲಿ ಕ್ರಾಂತಿಕಾರಿಗಳು ಶಸ್ತ್ರಾಗಾರಕ್ಕೆ ನುಗ್ಗಿದರು. ಮೇ ತಿಂಗಳಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ಪೋಲೀಸು ಚೌಕಿಗಳು ಉರಿದು, ಲಷ್ಕರೀ ಕಾನೂನು ಬಂದಿತು. ಸತ್ಯಾಗ್ರಹ ಮುಂದುವರಿಯಿತು. ಎಂಟು ವರ್ಷಗಳಲ್ಲಿ ದೇಶವೂ ಬೆಳೆದಿತ್ತು, ಮುಂದಾಳೂ ಬೆಳೆದಿದ್ದರು. ಅಂಜಿ ನಿಲ್ಲಿಸಿದವನು ಮುಂದಿನ ಸಲವೂ ಅಂಜಿಯೇ ನಿಲ್ಲಿಸುತ್ತಾನೆ. ಕಲಿಯುವುದಕ್ಕೆ ಅವನಿಗೇನೂ ಇರುವುದಿಲ್ಲ.

ಇನ್ನೊಂದು ಲೆಕ್ಕ ಉಳಿಯುತ್ತದೆ. ಅದನ್ನು ಮುಟ್ಟದೆ ಈ ಲೇಖನವನ್ನು ಮುಗಿಸಿದರೆ ಅಪ್ರಾಮಾಣಿಕತೆಯಾದೀತು. ಬಾರ್ಡೋಲಿಯ ಎಚ್ಚರಿಕೆಯ ಬೆಲೆಯನ್ನು ಮಹಾತ್ಮಾಜಿಯವರು ತೆತ್ತರೆಂದು ಮೇಲೆ ಹೇಳಿದೆವು. ಅವರೊಬ್ಬರೇ ತೆರಲಿಲ್ಲ. ಚೌರಿಚೌರಾದ 225 ಮಂದಿಯ ಮೇಲೆ ಗೋರಖಪುರದ ಸೆಷನ್ಸ್ ಕೋರ್ಟಿನಲ್ಲಿ ಮೊಕದ್ದಮೆ ನಡೆಯಿತು. 1923ರ ಜನವರಿಯಲ್ಲಿ ನ್ಯಾಯಾಧೀಶನು ಅವರಲ್ಲಿ 172 ಮಂದಿಗೆ ಗಲ್ಲು ವಿಧಿಸಿದನು. ಒಂದು ತೀರ್ಪಿನಲ್ಲಿ 172 ಗಲ್ಲುಗಳು! ಅಲಹಾಬಾದಿನ ಹೈಕೋರ್ಟಿನಲ್ಲಿ ಪಂಡಿತ ಮಾಳವೀಯರು, ಎಂದೋ ವಕೀಲಿ ಬಿಟ್ಟಿದ್ದವರು, ಈ ಬಡ ರೈತರಿಗಾಗಿ ಮತ್ತೆ ನಿಲುವಂಗಿ ತೊಟ್ಟು ನಿಂತರು. ಏಪ್ರಿಲಿನಲ್ಲಿ ಹೈಕೋರ್ಟು 19 ಮಂದಿಯ ಗಲ್ಲನ್ನು ಉಳಿಸಿ, 110 ಮಂದಿಗೆ ಆಜೀವ ಕರಿನೀರನ್ನು ವಿಧಿಸಿ, ಉಳಿದವರಲ್ಲಿ ಕೆಲವರನ್ನು ಬಿಟ್ಟು ಕೆಲವರ ಶಿಕ್ಷೆಯನ್ನು ಇಳಿಸಿತು. ಜುಲೈ ತಿಂಗಳಲ್ಲಿ ಸಂಯುಕ್ತ ಪ್ರಾಂತದ ಬೇರೆಬೇರೆ ಸೆರೆಮನೆಗಳಲ್ಲಿ ಆ 19 ಮಂದಿಯನ್ನು ಗಲ್ಲಿಗೇರಿಸಿದರು.

ಬಾರ್ಡೋಲಿಯ ಠರಾವು ಅವರ ಕೃತ್ಯವನ್ನು ಖಂಡಿಸಿತ್ತು, ಖಂಡಿಸಬೇಕಾದದ್ದೇ. ಆದರೆ ಖಂಡಿಸಿದ ಮೇಲೆ ರಾಷ್ಟ್ರವು ಅವರನ್ನು ತನ್ನವರೆಂದು ಹೇಳಿಕೊಳ್ಳಲು ನಾಚಿತು. ಅವರು ಸ್ವಯಂಸೇವಕರ ಪಟ್ಟಿಗೆ ಹೆಬ್ಬೆಟ್ಟು ಒತ್ತಿ, ಗಾಂಧಿಯ ಹೆಸರನ್ನು ಕೂಗಿಕೊಂಡು ಹೊರಟವರು. ಅವರ ತಲೆಯೊಳಗಿದ್ದ ಗಾಂಧಿಗೂ ಬಾರ್ಡೋಲಿಯಲ್ಲಿ ಉಪವಾಸ ಕುಳಿತಿದ್ದ ಗಾಂಧಿಗೂ ನಡುವಣ ದೂರವನ್ನು ತುಂಬಬೇಕಾಗಿದ್ದವರು ಕಾಂಗ್ರೆಸ್ಸಿನವರು, ಪತ್ರಿಕೆಗಳವರು, ಓದಿದವರು. ಆ ದೂರ ತುಂಬದೆ ಉಳಿದದ್ದಕ್ಕೆ ಗಲ್ಲಿಗೆ ಹೋದವರು ಓದಲಾರದವರು. ಮಹಾತ್ಮಾಜಿಯವರ ನಿರ್ಣಯ ಸರಿಯೆಂದು ನಂಬುವ ನಾವು ಈ ಸಾಲನ್ನು ಬರೆಯುವಾಗ ಲೇಖನಿ ಭಾರವಾಗುತ್ತದೆ.

ಸ್ವಾತಂತ್ರ್ಯ ಬಂದು ಬಹುಕಾಲವಾದ ಮೇಲೆ ಚೌರಿಚೌರಾದಲ್ಲಿ ಆ ಹತ್ತೊಂಬತ್ತು ಮಂದಿಗೂ ಒಂದು ಹುತಾತ್ಮ ಸ್ಮಾರಕ ಎದ್ದಿತು. ಠಾಣೆಯಲ್ಲಿ ಸತ್ತ ಪೋಲೀಸರಿಗಾಗಿ ಬ್ರಿಟಿಷ್ ಸರಕಾರವು ತನ್ನ ಕಾಲದಲ್ಲಿಯೇ ಬೇರೊಂದನ್ನು ಕಟ್ಟಿಸಿತ್ತು. 2021ರ ಫೆಬ್ರವರಿ 4ರಂದು ನೂರನೆಯ ವರ್ಷದ ಉತ್ಸವ ಆರಂಭವಾಗಿ, ಅಂಚೆಯ ಚೀಟಿಯೂ ಹೊರಬಿದ್ದಿತು. ಗೋರಖಪುರದಿಂದ ಹೊರಡುವ ಒಂದು ರೈಲುಗಾಡಿಗೆ ಆ ಊರಿನ ಹೆಸರೇ ಇದೆ. ಸ್ಮಾರಕಗಳು ಎರಡೂ ಒಂದೇ ಸಣ್ಣ ಊರಿನಲ್ಲಿವೆ.